ಹನ್ನೊಂದು ಆರ್ಡರ್, ಎಂಟು ಮೇಲ್: ತಪ್ಪು ಟ್ರಿಗರಿನದೋ ಆ್ಯಕ್ಷನ್ನಿನದೋ?

ಸೋಮವಾರ ಬೆಳಿಗ್ಗೆ ಏಳೂವರೆಗೆ ಅತ್ತಿಗೆಯ ಫೋನ್. "ನೀನು ಮಾಡಿಕೊಟ್ಟ ವ್ಯವಸ್ಥೆ ಮುಷ್ಕರ ಹೂಡಿದ ಹಾಗಿದೆ, ಸ್ವಲ್ಪ ನೋಡು" ಎಂದರು. ಸಾಗರದ ಹತ್ತಿರದ ಹಳ್ಳಿಯಲ್ಲಿ ಅವರು ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ. ಗಿರಾಕಿಗಳು ಗೂಗಲ್ ಫಾರ್ಮ್ ತುಂಬುತ್ತಾರೆ, ಉತ್ತರಗಳು ಗೂಗಲ್ ಶೀಟಿನಲ್ಲಿ ಒಂದರ ಕೆಳಗೊಂದು ಬಂದು ಕೂರುತ್ತವೆ. ಅಲ್ಲಿಂದ ಮುಂದಿನದು ನಾನು ಗೂಗಲ್ಲಿನದೇ ಆದ ಆ್ಯಪ್ಸ್ ಸ್ಕ್ರಿಪ್ಟ್ ಎಂಬ ಉಪಕರಣದಲ್ಲಿ ಬರೆದ ಇಪ್ಪತ್ತು ಸಾಲಿನ ಕೋಡ್‌ನ ಕೆಲಸ. ತಲುಪಿಸುವ ಬಗೆ 'ಬಸ್' ಎಂದಿದ್ದರೆ ಪೇಟೆಯಲ್ಲಿ ಪಾರ್ಸೆಲ್ ಹಾಕುವ ನನ್ನ ಸೋದರಳಿಯನಿಗೆ ಮೇಲ್, 'ಅಂಚೆ' ಎಂದಿದ್ದರೆ ಅತ್ತಿಗೆಗೇ ಮೇಲ್. ಕೋಡನ್ನು ಓಡಿಸುವ ಘಟನೆ, ಇಲ್ಲಿ ಫಾರ್ಮ್ ಸಲ್ಲಿಕೆ, ಟ್ರಿಗರ್. ಓಡಿದಾಗ ಅದು ಮಾಡುವ ಕೆಲಸ, ಇಲ್ಲಿ ಮೇಲ್, ಆ್ಯಕ್ಷನ್. ಶನಿವಾರ ಸಂಜೆಯಿಂದ ಶೀಟಿನಲ್ಲಿ 11 ಆರ್ಡರ್ ಇದ್ದವು, ಮೇಲ್ ಬಂದದ್ದು 8.

ಪೂರ್ತಿ ನಿಂತುಹೋಗಿದ್ದರೆ ಚಿಂತೆ ಇರಲಿಲ್ಲ. ಎಲ್ಲೋ ಒಂದು ಕಡೆ ತಂತಿ ಕಡಿದಿದೆ ಎಂದುಕೊಂಡು ಹುಡುಕಬಹುದಿತ್ತು. ಎಂಟು ಬಂದು ಮೂರು ಬಾರದಿರುವುದೇ ತಲೆನೋವು.

ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಕೋಡ್ ತೆರೆದು 'ರನ್' ಒತ್ತಿದೆ. ಕೆಂಪು ಅಕ್ಷರದಲ್ಲಿ ದೋಷ ಕಾಣಿಸಿತು: ಇಲ್ಲದ ವಸ್ತುವಿನಿಂದ ಉತ್ತರಗಳನ್ನು ಓದಲು ಸಾಧ್ಯವಿಲ್ಲ ಎಂಬರ್ಥದ ಸಾಲು. ಕಳ್ಳ ಸಿಕ್ಕಿದ ಎಂದುಕೊಂಡು ಊಟದ ಹೊತ್ತಿನವರೆಗೆ ಅದರ ಬೆನ್ನು ಹತ್ತಿದೆ. ಅದು ದೋಷವೇ ಅಲ್ಲ. ಫಾರ್ಮ್ ಸಲ್ಲಿಕೆಯಾದಾಗ ಟ್ರಿಗರ್ ಒಂದು ಪೊಟ್ಟಣದಲ್ಲಿ ಆ ಉತ್ತರಗಳನ್ನು ಕಟ್ಟಿ ಫಂಕ್ಷನ್ನಿನ ಕೈಗೆ ಕೊಡುತ್ತದೆ. ಕೈಯಾರೆ ರನ್ ಒತ್ತಿದಾಗ ಪೊಟ್ಟಣ ಕೊಡುವವರೇ ಇಲ್ಲ, ಹಾಗಾಗಿ ಕೋಡ್ ಎಷ್ಟೇ ಸರಿಯಿದ್ದರೂ ಆ ಕೆಂಪು ಸಾಲು ಬಂದೇ ಬರುತ್ತದೆ. ಈ ಬಲೆಗೆ ಬೀಳುವವರು ಬಹಳ ಮಂದಿ, ಅದಕ್ಕೇ ಮೊದಲು ಹೇಳಿದೆ. ಪರೀಕ್ಷಿಸಬೇಕಾದರೆ ಫಾರ್ಮ್ ತೆರೆದು ಗಿರಾಕಿಯಂತೆಯೇ ಒಂದು ಸುಳ್ಳು ಆರ್ಡರ್ ಹಾಕಿ.

ಮೊದಲು ಮೂರು ಲೆಕ್ಕ

ಮಧ್ಯಾಹ್ನದ ಮೇಲೆ ಬುದ್ಧಿ ಬಂತು. ಕೋಡ್ ಮುಚ್ಚಿಟ್ಟು ಕಾಗದದ ಮೇಲೆ ಮೂರು ಸಂಖ್ಯೆ ಬರೆದುಕೊಂಡೆ. ಶೀಟಿನಲ್ಲಿ ಎಷ್ಟು ಸಾಲು? 11. ಎಕ್ಸಿಕ್ಯೂಷನ್ಸ್ ಪುಟದಲ್ಲಿ, ನಾನು ಕೈಯಾರೆ ಓಡಿಸಿದ್ದನ್ನು ಬಿಟ್ಟು, ಕೋಡ್ ಎಷ್ಟು ಬಾರಿ ಓಡಿದೆ? 10. ಮೇಲ್ ಎಷ್ಟು ಹೋಗಿವೆ? 8. ಓಡಿದ ಹತ್ತರ ಮುಂದೆಯೂ 'ಮುಗಿದಿದೆ' ಎಂದೇ ಇತ್ತು, ಒಂದಾದರೂ ಕೆಂಪಾಗಿರಲಿಲ್ಲ.

ಈ ಮೂರು ಸಂಖ್ಯೆಗಳೇ ಅರ್ಧ ಉತ್ತರ. ಘಟನೆ ನಡೆದಿದೆ, ಆದರೆ ದಾಖಲೆಯಲ್ಲಿ ಓಟವೇ ಇಲ್ಲ ಎಂದರೆ ಟ್ರಿಗರ್ ಕದಲಿಲ್ಲ ಎಂದರ್ಥ. ಆಗ ಆ್ಯಕ್ಷನ್ ಭಾಗವನ್ನು ಎಷ್ಟು ತಿದ್ದಿದರೂ ವ್ಯರ್ಥ. ಓಟ ಇದೆ, ಕೆಂಪಾಗಿದೆ ಎಂದರೆ ಆ್ಯಕ್ಷನ್ ಎಡವಿದೆ. ಓಟ ಇದೆ, ಹಸಿರಾಗಿದೆ, ಆದರೆ ಕೆಲಸ ಆಗಿಲ್ಲ ಎಂದರೆ ನಡುವಿನ ಷರತ್ತು ಅದನ್ನು ದಾರಿ ತಪ್ಪಿಸಿದೆ. ನನ್ನ ಲೆಕ್ಕದಲ್ಲಿ ಹನ್ನೊಂದಕ್ಕೂ ಹತ್ತಕ್ಕೂ ನಡುವೆ ಒಂದು ತಪ್ಪು, ಹತ್ತಕ್ಕೂ ಎಂಟಕ್ಕೂ ನಡುವೆ ಇನ್ನೊಂದು. ನಾನು ಬೆಳಿಗ್ಗೆಯಿಂದ ಹುಡುಕುತ್ತಿದ್ದುದು ಮೂರನ್ನೂ ವಿವರಿಸಬಲ್ಲ ಒಂದೇ ತಪ್ಪನ್ನು. ಅಂಥದ್ದು ಇರಲೇ ಇಲ್ಲ.

ಹೀಗೆ ಘಟನೆಗೆ ಕೆಲಸ ಜೋಡಿಸಿಕೊಡುವ ಬೇರೆ ಉಪಕರಣಗಳಲ್ಲೂ ಈ ದಾಖಲೆ ಇರುತ್ತದೆ. ಝೇಪಿಯರ್‌ನಲ್ಲಿ ಝ್ಯಾಪ್ ಹಿಸ್ಟರಿ, ಮೇಕ್‌ನಲ್ಲಿ ಹಿಸ್ಟರಿ, ಎನ್‌8ಎನ್‌ನಲ್ಲಿ ಎಕ್ಸಿಕ್ಯೂಷನ್ಸ್, ಪವರ್ ಆಟೊಮೇಟ್‌ನಲ್ಲಿ ರನ್ ಹಿಸ್ಟರಿ. ತಡ ಮಾಡಬೇಡಿ. ಪವರ್ ಆಟೊಮೇಟ್ ಈ ಇತಿಹಾಸವನ್ನು 28 ದಿನ ಮಾತ್ರ ಇಟ್ಟುಕೊಳ್ಳುತ್ತದೆ. ಎರಡು ತಿಂಗಳ ಹಿಂದಿನ ಬಿಲ್ ಏಕೆ ಹೋಗಲಿಲ್ಲ ಎಂದು ಈಗ ಕೇಳಿದರೆ ಹೇಳಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಓಟವೇ ಇಲ್ಲದಿದ್ದರೆ

ಕಾಣೆಯಾದ ಹನ್ನೊಂದನೆಯ ಸಾಲನ್ನು ನೋಡಿದೆ. ಮೊದಲ ಕಾಲಮ್ಮಿನಲ್ಲಿ ಸಮಯ ಇರಲಿಲ್ಲ. ಫಾರ್ಮಿನಿಂದ ಬಂದ ಪ್ರತಿ ಉತ್ತರಕ್ಕೂ ದಿನಾಂಕ, ಸಮಯ ತಾನಾಗಿಯೇ ಬೀಳುತ್ತದೆ. ಅದು ಖಾಲಿ ಇದೆ ಎಂದರೆ ಆ ಸಾಲು ಫಾರ್ಮಿನಿಂದ ಬಂದದ್ದಲ್ಲ. ಅತ್ತಿಗೆಯನ್ನು ಕೇಳಿದರೆ, "ಹೌದು, ಶಿರಸಿಯವರೊಬ್ಬರು ಫೋನಿನಲ್ಲೇ ಹೇಳಿದರು. ನಾನೇ ಕೆಳಗಿನ ಸಾಲಿನಲ್ಲಿ ಬರೆದೆ. ತಪ್ಪೇ?"

ಅವರದು ತಪ್ಪಲ್ಲ. ಟ್ರಿಗರ್ ಎಂದರೆ 'ಹೊಸ ಸಾಲು ಬಂದರೆ' ಎಂದು ಅವರು ತಿಳಿದಿದ್ದರು. ನಾನು ಇಟ್ಟದ್ದು 'ಫಾರ್ಮ್ ಸಲ್ಲಿಕೆಯಾದರೆ' ಎಂಬ ಟ್ರಿಗರ್. ಶೀಟಿನಲ್ಲಿ ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಇದರ ಉಲ್ಟಾ ಪ್ರಕರಣವೂ ಉಂಟು. ಶೀಟ್ ತಿದ್ದಿದಾಗ ಓಡುವ ಆನ್‌ಎಡಿಟ್ ಟ್ರಿಗರ್ ಮನುಷ್ಯ ತಿದ್ದಿದಾಗ ಮಾತ್ರ ಓಡುತ್ತದೆ. ಇನ್ನೊಂದು ಸ್ಕ್ರಿಪ್ಟ್ ಬರೆದ ಸಾಲು, ಬೇರೆ ಉಪಕರಣ ಎಪಿಐ ಮೂಲಕ, ಅಂದರೆ ಯಂತ್ರಗಳು ತಮ್ಮತಮ್ಮಲ್ಲೇ ಮಾತಾಡುವ ದಾರಿಯಿಂದ, ಸೇರಿಸಿದ ಸಾಲು ಅದರ ಲೆಕ್ಕಕ್ಕೇ ಇಲ್ಲ. ಝೇಪಿಯರ್‌ನಿಂದ ಸಾಲು ಸೇರಿಸಿ ಆನ್‌ಎಡಿಟ್ ಅದನ್ನು ಹಿಡಿಯಲಿ ಎಂದು ಕಾಯುವವರು ಕಾಯುತ್ತಲೇ ಇರಬೇಕಾಗುತ್ತದೆ. ಆದ್ದರಿಂದ ಟ್ರಿಗರಿನ ಹೆಸರನ್ನು ನಿಧಾನವಾಗಿ ಓದಿ, ನಿಜಕ್ಕೂ ನಡೆದ ಘಟನೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿ.

ಎರಡನೆಯ ಸಂದೇಹ: ಟ್ರಿಗರ್ ಅಲ್ಲಿ ಇದೆಯೇ? ನಗಬೇಡಿ. ಹೊಸ ವರ್ಷಕ್ಕೆ ಹೊಸ ಶೀಟ್ ಇರಲಿ ಎಂದು ಹಳೆಯದರ ನಕಲು ಮಾಡಿದರೆ ಕೋಡ್ ಜೊತೆಗೆ ಬರುತ್ತದೆ, ನಾವು ಸ್ಥಾಪಿಸಿದ ಟ್ರಿಗರ್ ಬರುವುದಿಲ್ಲ. ಎಲ್ಲವೂ ಇದ್ದಂತೆಯೇ ಕಾಣುತ್ತದೆ, ಏನೂ ನಡೆಯುವುದಿಲ್ಲ. ಎನ್‌8ಎನ್‌ನಲ್ಲಿ ವೆಬ್‌ಹುಕ್‌ಗೆ (ಘಟನೆಯಾದ ಕೂಡಲೇ ಬೇರೆ ತಾಣವೊಂದು ಸುದ್ದಿ ಕಳಿಸುವ ವ್ಯವಸ್ಥೆಗೆ) ಎರಡು ವಿಳಾಸ ಇರುತ್ತವೆ: ಒಂದು ಪರೀಕ್ಷೆಯದು, ಇನ್ನೊಂದು ನಿಜ ಬಳಕೆಯದು. ಪರೀಕ್ಷೆಯ ವಿಳಾಸ ನೀವು ಎಡಿಟರ್ ತೆರೆದು ಕೇಳಿಸಿಕೊಳ್ಳುತ್ತಿರುವಾಗ ಮಾತ್ರ ಜೀವಂತ. ಅದನ್ನೇ ನಕಲು ಮಾಡಿ ಜಾಲತಾಣಕ್ಕೆ ಅಂಟಿಸಿದರೆ ನಿಮ್ಮ ಕಣ್ಣೆದುರು ಚೆನ್ನಾಗಿ ನಡೆದದ್ದು ರಾತ್ರಿ 404, ಅಂದರೆ 'ಸಿಗಲಿಲ್ಲ', ಎನ್ನುತ್ತದೆ. ನಿಜ ಬಳಕೆಯ ವಿಳಾಸ ಕೊಟ್ಟರೂ ವರ್ಕ್‌ಫ್ಲೋವನ್ನು ಚಾಲೂ ಮಾಡದಿದ್ದರೆ ಫಲಿತಾಂಶ ಅದೇ.

ಮೂರನೆಯದು ತಾಳ್ಮೆಯ ಪ್ರಶ್ನೆ. ಟ್ರಿಗರ್‌ಗಳಲ್ಲಿ ಎರಡು ಜಾತಿ. ವೆಬ್‌ಹುಕ್ ಎಂದರೆ ಟೆಲಿಗ್ರಾಂ ತಂದವನು ಬಾಗಿಲು ಬಡಿದಂತೆ, ಘಟನೆಯಾದ ಕೂಡಲೇ ಸುದ್ದಿ. ಪೋಲಿಂಗ್ ಎಂದರೆ ಬೀದಿಯ ಅಂಚೆ ಡಬ್ಬಿ, ತೆರೆಯುವ ಹೊತ್ತಿಗೇ ತೆರೆಯುತ್ತದೆ. ಝೇಪಿಯರ್‌ನ ಉಚಿತ ಯೋಜನೆಯಲ್ಲಿ ಡಬ್ಬಿ ತೆರೆಯುವುದು 15 ನಿಮಿಷಕ್ಕೊಮ್ಮೆ. ಐದನೇ ನಿಮಿಷಕ್ಕೇ 'ಕೆಟ್ಟಿದೆ' ಎಂದು ತೀರ್ಮಾನಿಸಿ, ಎಲ್ಲವನ್ನೂ ಅಳಿಸಿ ಮತ್ತೆ ಕಟ್ಟುವವರಿದ್ದಾರೆ. ಹಾಗೆ ಮತ್ತೆ ಕಟ್ಟಿದಾಗ ಇನ್ನೊಂದು ತೊಡಕು. ಪೋಲಿಂಗ್ ಟ್ರಿಗರ್ ತಾನು ಚಾಲೂ ಆಗುವ ಮೊದಲೇ ಇದ್ದುದನ್ನೆಲ್ಲ ಹಳೆಯದು ಎಂದು ಗುರುತು ಹಾಕಿಕೊಳ್ಳುತ್ತದೆ. ಪರೀಕ್ಷೆಗೆಂದು ಹಾಕಿದ ಸಾಲು ಆಗ ಹಳೆಯ ಸಾಲಾಗಿಬಿಡುತ್ತದೆ, ಮತ್ತೆ ಮೌನ, ಮತ್ತೆ ಗಾಬರಿ. ಚಾಲೂ ಮಾಡಿದ ಮೇಲೆ ಹೊಚ್ಚ ಹೊಸ ಸಾಲು ಹಾಕಿ, ಎದ್ದು ಹೋಗಿ ಕಾಫಿ ಕುಡಿದು ಬನ್ನಿ.

ಗಡಿಯಾರ ನೋಡಿ ಓಡುವ ಟ್ರಿಗರ್ ತಪ್ಪು ಹೊತ್ತಿಗೆ ಓಡುತ್ತಿದ್ದರೆ ಸಮಯ ವಲಯ ನೋಡಿ. ರಾತ್ರಿ 9ಕ್ಕೆ ಬರಬೇಕಾದ ದಿನದ ಲೆಕ್ಕ ಮರುದಿನ ಬೆಳಿಗ್ಗೆ ಆರೂವರೆಗೆ ಬರುತ್ತಿದೆ ಎಂದರೆ ಯಂತ್ರ ನ್ಯೂಯಾರ್ಕಿನ ಗಡಿಯಾರ ನೋಡುತ್ತಿದೆ. ನವೆಂಬರಿನಲ್ಲಿ ಅದೇ ಲೆಕ್ಕ ಏಳೂವರೆಗೆ ಜಾರಿದರೆ ಸಂಶಯವೇ ಬೇಡ. ನಮ್ಮಲ್ಲಿ ಗಡಿಯಾರವನ್ನು ಹಿಂದೆ ಮುಂದೆ ತಿರುಗಿಸುವ ಪದ್ಧತಿ ಇಲ್ಲ, ಅಲ್ಲಿ ಇದೆ. ಸ್ವಂತ ಸರ್ವರಿನಲ್ಲಿ ಹಾಕಿಕೊಂಡ ಎನ್‌8ಎನ್, ವಲಯ ಹೇಳದಿದ್ದರೆ, ನ್ಯೂಯಾರ್ಕನ್ನೇ ಹಿಡಿಯುತ್ತದೆ. ಸರಿಯಾಗಿ ಐದೂವರೆ ಗಂಟೆ ತಡ ಎಂದಾದರೆ ಅದು ಯುಟಿಸಿ, ಅಂದರೆ ಜಾಗತಿಕ ಮಾನಕ ಸಮಯ. ಇನ್ನು ಆ್ಯಪ್ಸ್ ಸ್ಕ್ರಿಪ್ಟಿನಲ್ಲಿ '9ರಿಂದ 10ರ ನಡುವೆ' ಎಂದು ಆರಿಸಿದರೆ ಆ ಗಂಟೆಯೊಳಗಿನ ಯಾವುದೋ ಒಂದು ನಿಮಿಷಕ್ಕೆ ಓಡುತ್ತದೆ. 9:37ಕ್ಕೆ ಏಕೆ ಬಂತು ಎಂದು ತಲೆ ಕೆಡಿಸಿಕೊಳ್ಳಬೇಡಿ.

ಹಸಿರು ಗುರುತು, ಖಾಲಿ ಕೈ

ಈಗ ಉಳಿದ ಎರಡು ಆರ್ಡರ್. ಕೋಡ್ ಓಡಿದೆ, ಮುಗಿದಿದೆ, ಮೇಲ್ ಇಲ್ಲ. ಎರಡೂ ಬಸ್ಸಿನಲ್ಲಿ ಹೋಗಬೇಕಾದವು. ಶನಿವಾರ ಮಧ್ಯಾಹ್ನದವರೆಗೆ ಬಂದ ಬಸ್ ಆರ್ಡರ್‌ಗಳ ಮೇಲ್ ಎಲ್ಲವೂ ಹೋಗಿವೆ, ಆಮೇಲಿನವು ಹೋಗಿಲ್ಲ. ಕೋಡ್‌ನಲ್ಲಿರುವ ಷರತ್ತು 'ಬಸ್‌' ಎಂಬುದಕ್ಕೆ ಸಮನಾಗಿದ್ದರೆ ಎಂದು. ಶೀಟಿನಲ್ಲೂ ಕಾಣುವುದು 'ಬಸ್' ಎಂದೇ. ಕಣ್ಣು ಕಿರಿದು ಮಾಡಿ ನೋಡಿದರೂ, ಅಕ್ಷರ ದೊಡ್ಡದು ಮಾಡಿ ನೋಡಿದರೂ ವ್ಯತ್ಯಾಸವಿಲ್ಲ.

"ಅತ್ತಿಗೆ, ಶನಿವಾರ ಫಾರ್ಮ್ ಮುಟ್ಟಿದ್ದಿರಾ?"

"ಇಲ್ಲಪ್ಪ. 'ಬಸ್ಸಿನಲ್ಲಿ' ಎಂದು ಬದಲಾಯಿಸಿ ನೋಡಿದೆ, ಚೆನ್ನಾಗಿ ಕಾಣಲಿಲ್ಲ. ಮತ್ತೆ ಮೊದಲಿದ್ದ ಹಾಗೆಯೇ ಬರೆದೆ."

ಮೊದಲಿದ್ದ ಹಾಗೆಯೇ! ಪಕ್ಕದ ಖಾಲಿ ಕೋಶದಲ್ಲಿ ಅಕ್ಷರ ಎಣಿಸುವ ಲೆನ್ ಸೂತ್ರ ಹಾಕಿದೆ. ಹಳೆಯ 'ಬಸ್' 4 ಎಂದಿತು, ಹೊಸ 'ಬಸ್' 3 ಎಂದಿತು. ಮೂರು ಸರಿ: ಬ, ಸ, ಮತ್ತು 'ಸ'ವನ್ನು ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ. ನಾಲ್ಕನೆಯದು ಯಾರು? ಕೊನೆಯ ಒಂದು ಅಕ್ಷರವನ್ನು ರೈಟ್ ಸೂತ್ರದಿಂದ ಕತ್ತರಿಸಿ ಯೂನಿಕೋಡ್ ಸೂತ್ರಕ್ಕೆ ಕೊಟ್ಟೆ. ಹೊಸದರಲ್ಲಿ 3277, ಅಂದರೆ ಕನ್ನಡದ ವಿರಾಮ ಚಿಹ್ನೆ. ಹಳೆಯದರಲ್ಲಿ 8204. ಅದು ಶೂನ್ಯ ಅಗಲದ ಅಜೋಡಕ, ಕಣ್ಣಿಗೆ ಕಾಣದ ಅಕ್ಷರ. ಅರ್ಧಾಕ್ಷರದ ಮುಂದೆ ಬರುವ ಅಕ್ಷರ ಒತ್ತಾಗಿ ಕೆಳಗಿಳಿಯದಿರಲಿ ಎಂದು ನಾವು ಕನ್ನಡಿಗರು ಅದನ್ನು ದಿನಕ್ಕೆ ನೂರು ಬಾರಿ ಬಳಸುತ್ತೇವೆ. ಅದಿಲ್ಲದಿದ್ದರೆ 'ಕೋಡ್‌ನ' ಎಂಬುದು 'ಕೋಡ್ನ' ಆಗಿಬಿಡುತ್ತದೆ. ಪದದ ಕೊನೆಯಲ್ಲೂ ಅಭ್ಯಾಸಬಲದಿಂದ ಅದನ್ನು ಒತ್ತುವವರು ಅನೇಕರು. ನಾನೂ ಅವರಲ್ಲೊಬ್ಬ. ಮೊದಲ ಬಾರಿ ಫಾರ್ಮನ್ನೂ ಕೋಡನ್ನೂ ನಾನೇ ನನ್ನ ಕೀಲಿಮಣೆಯಲ್ಲಿ ಬರೆದಿದ್ದೆ, ಎರಡರಲ್ಲೂ ಆ ಕಾಣದ ಅಕ್ಷರ ಇತ್ತು, ಸರಿ ಹೋಗಿತ್ತು. ಅತ್ತಿಗೆ ಮೊಬೈಲಿನಲ್ಲಿ ಬರೆದರು, ಅವರದರಲ್ಲಿ ಇರಲಿಲ್ಲ. ನಿಜ ಹೇಳಬೇಕೆಂದರೆ ಅವರು ಬರೆದದ್ದೇ ಶುದ್ಧ.

ಇಂಗ್ಲಿಷಿನಲ್ಲಿ ಕೆಲಸ ಮಾಡುವವರಿಗೆ ಕೊನೆಯ ಖಾಲಿ ಜಾಗದ ಕಾಟ ಇದೆ, ಅದಕ್ಕೆ ಟ್ರಿಮ್ ಸಾಕು. ಟ್ರಿಮ್ ಈ 8204ನ್ನು ಮುಟ್ಟುವುದಿಲ್ಲ. ಹೋಲಿಸುವ ಮೊದಲು ಎರಡೂ ಕಡೆಯಿಂದ 8204 ಮತ್ತು ಅದರ ಸೋದರ 8205, ಅಂದರೆ ಶೂನ್ಯ ಅಗಲದ ಜೋಡಕ, ಎರಡನ್ನೂ ತೆಗೆದುಹಾಕಬೇಕು. ಸೂತ್ರದಲ್ಲಾದರೆ ಸಬ್‌ಸ್ಟಿಟ್ಯೂಟ್, ಕೋಡ್‌ನಲ್ಲಾದರೆ ರಿಪ್ಲೇಸ್. ಜೊತೆಗೆ ನಾರ್ಮಲೈಸ್ ಕೂಡ ಮಾಡಿ, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಸಂಕೇತಗಳನ್ನು ಒಂದೇ ರೂಪಕ್ಕೆ ತನ್ನಿ, ಏಕೆಂದರೆ 'ಕೋ' ಎಂಬುದರ ಸ್ವರ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಒಡೆದು ಎರಡು ಮೂರು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎಲ್ಲವೂ ಒಂದೇ. ಒಂದು ಎಚ್ಚರಿಕೆ: ಇದನ್ನು ಹೋಲಿಕೆಗೆ ಮಾತ್ರ ಮಾಡಿ, ಗಿರಾಕಿಯ ಹೆಸರು ವಿಳಾಸಗಳ ಮೇಲೆ ಪ್ರಯೋಗಿಸಬೇಡಿ. ಜೋಡಕ ಕಿತ್ತರೆ 'ರ‍್ಯಾ' ಎಂಬುದರ ರೂಪವೇ ಬದಲಾಗಿ ಪಾರ್ಸೆಲ್ ಚೀಟಿಯ ಮೇಲೆ ವಿಚಿತ್ರವಾಗಿ ಅಚ್ಚಾಗುತ್ತದೆ.

ಆದರೆ ನನ್ನ ದೊಡ್ಡ ತಪ್ಪು ಅದೃಶ್ಯ ಅಕ್ಷರದ್ದಲ್ಲ. 'ಬಸ್' ಆದರೆ ಹೀಗೆ, 'ಅಂಚೆ' ಆದರೆ ಹಾಗೆ ಎಂದು ಬರೆದು, ಎರಡೂ ಅಲ್ಲದಿದ್ದರೆ ಏನು ಎಂಬುದನ್ನು ಬಿಟ್ಟಿದ್ದೆ. ಆ ಎರಡು ಆರ್ಡರ್‌ಗಳು ಎರಡು ಬಾಗಿಲನ್ನೂ ತಟ್ಟಿ, ಯಾರೂ ತೆರೆಯದೆ ಮರಳಿ ಹೋದವು. ಯಂತ್ರದ ದೃಷ್ಟಿಯಲ್ಲಿ ಅದು ಯಶಸ್ಸೇ. ಈಗ ಮೂರನೆಯ ದಾರಿ ಇದೆ: ಎರಡೂ ಹೊಂದದಿದ್ದರೆ ಆ ಸಾಲು ಹಾಗೆಯೇ ನನ್ನ ಮೇಲ್‌ಗೆ ಬರುತ್ತದೆ. ಝೇಪಿಯರ್‌ನ ಫಿಲ್ಟರ್, ಮೇಕ್‌ನ ರೂಟರ್, ಪವರ್ ಆಟೊಮೇಟ್‌ನ ಕಂಡಿಷನ್ ಯಾವುದನ್ನು ಬಳಸಿದರೂ 'ಉಳಿದದ್ದು' ಎಂಬ ದಾರಿಯೊಂದನ್ನು ಖಾಲಿ ಬಿಡಬೇಡಿ.

ಕೆಂಪು ಗುರುತು ಇದ್ದರೆ

ಇದು ಎಲ್ಲಕ್ಕಿಂತ ಸುಲಭದ ಪ್ರಕರಣ, ಯಂತ್ರವೇ ಒಂದು ಸಂಖ್ಯೆ ಹೇಳಿ ಬಾಯಿ ಬಿಟ್ಟಿರುತ್ತದೆ. 401 ಎಂದರೆ ಗುರುತಿನ ಚೀಟಿ ಚಲಾವಣೆಯಲ್ಲಿಲ್ಲ, ಖಾತೆಯನ್ನು ಮತ್ತೆ ಜೋಡಿಸಿ. 403, ಗುರುತು ಸರಿ, ಅನುಮತಿ ಇಲ್ಲ. 404, ಹುಡುಕಿದ ಶೀಟ್ ಅಥವಾ ವಿಳಾಸ ಅಲ್ಲಿಲ್ಲ. 429, ನೀವು ಅವಸರ ಮಾಡುತ್ತಿದ್ದೀರಿ, ನಡುವೆ ಬಿಡುವು ಕೊಡಿ. 500ರಿಂದ ಮೇಲಿನವು ಆ ಕಡೆಯ ಸರ್ವರಿನ ಸಮಸ್ಯೆ, ಸ್ವಲ್ಪ ಕಾದು ಮರುಪ್ರಯತ್ನಿಸಿ.

ಗುರುತಿನ ಚೀಟಿಯ ವಿಷಯದಲ್ಲಿ ಎರಡು ಮಾತು. ಗೂಗಲ್ ಖಾತೆಯ ಪಾಸ್‌ವರ್ಡ್ ಬದಲಾಯಿಸಿದರೆ ಜಿಮೇಲ್ ಅನುಮತಿ ಹೊಂದಿದ ಹಳೆಯ ಜೋಡಣೆಗಳು ರದ್ದಾಗುತ್ತವೆ. ಹಾಗಾಗಿ ನಿನ್ನೆಯವರೆಗೆ ನಡೆಯುತ್ತಿತ್ತು ಎಂಬ ದೂರಿಗೆ ಮೊದಲ ಪ್ರಶ್ನೆ, ನಿನ್ನೆ ಪಾಸ್‌ವರ್ಡ್ ಬದಲಾಯಿಸಿದಿರಾ ಎಂಬುದು. ಇನ್ನು ಎನ್‌8ಎನ್‌ನಂಥದ್ದನ್ನು ಸ್ವಂತವಾಗಿ ನಡೆಸುವವರಿಗೆ ವಾರಕ್ಕೊಮ್ಮೆ ತಪ್ಪದೆ ಗೂಗಲ್ ಜೋಡಣೆ ಕಡಿದುಹೋಗುವ ಅನುಭವ ಆಗಿರಬಹುದು. ಗೂಗಲ್ ಕ್ಲೌಡ್‌ನಲ್ಲಿ ನೀವು ಮಾಡಿಕೊಂಡ ಆ್ಯಪ್ ಇನ್ನೂ 'ಟೆಸ್ಟಿಂಗ್' ಸ್ಥಿತಿಯಲ್ಲಿದೆ, ಆ ಸ್ಥಿತಿಯಲ್ಲಿ ಅನುಮತಿಯ ಆಯುಸ್ಸು 7 ದಿನ. ಪ್ರತಿ ಸೋಮವಾರ ಮತ್ತೆ ಜೋಡಿಸುತ್ತಾ ಕೂರುವ ಬದಲು ಆ್ಯಪನ್ನು ಪ್ರಕಟಿತ ಸ್ಥಿತಿಗೆ ತನ್ನಿ.

ಆ್ಯಪ್ಸ್ ಸ್ಕ್ರಿಪ್ಟಿನವರಿಗೆ ಇನ್ನೆರಡು. ಆನ್‌ಎಡಿಟ್ ಎಂಬ ಹೆಸರಿಟ್ಟರೆ ಸಾಕು ತಾನಾಗಿ ಓಡುವ ಸರಳ ಟ್ರಿಗರ್‌ಗೆ ಮೇಲ್ ಕಳಿಸುವ ಅಧಿಕಾರವೇ ಇಲ್ಲ. ಮೇಲ್ ಹೋಗಬೇಕೆಂದರೆ ಟ್ರಿಗರ್ಸ್ ಪುಟದಿಂದ ಸ್ಥಾಪಿಸಿದ ಟ್ರಿಗರ್ ಬೇಕು. ಮತ್ತು ಸಾಮಾನ್ಯ ಜಿಮೇಲ್ ಖಾತೆಯಿಂದ ಸ್ಕ್ರಿಪ್ಟ್ ಮೂಲಕ ದಿನಕ್ಕೆ 100 ಸ್ವೀಕರ್ತರಿಗೆ ಮಾತ್ರ ಮೇಲ್ ಕಳಿಸಬಹುದು. ಮೇಲ್‌ಗಳಲ್ಲ, ಸ್ವೀಕರ್ತರು. ಒಂದು ಆರ್ಡರಿನ ಮೇಲ್ ಮೂವರಿಗೆ ಹೋಗುತ್ತಿದ್ದರೆ 33 ಆರ್ಡರಿಗೆ ಆ ದಿನದ ಕೋಟಾ ಮುಗಿಯಿತು. ಮಾವಿನ ಮಿಡಿಯ ಕಾಲದಲ್ಲಿ ಮಧ್ಯಾಹ್ನದ ಮೇಲಿನ ಆರ್ಡರ್‌ಗಳಷ್ಟೇ ಮೇಲ್ ಇಲ್ಲದೆ ಉಳಿಯುತ್ತಿದ್ದರೆ ಅಲ್ಲಿ ನೋಡಿ. ಟ್ರಿಗರಿನ ಸೆಟ್ಟಿಂಗ್‌ನಲ್ಲಿ ವೈಫಲ್ಯದ ಸೂಚನೆ ಮೊದಲಿಗೆ ದಿನಕ್ಕೊಮ್ಮೆ ಎಂದಿರುತ್ತದೆ, ಅದನ್ನು 'ಕೂಡಲೇ' ಎಂದು ಬದಲಾಯಿಸಿಕೊಳ್ಳಿ.

ಒಂದಕ್ಕೆ ಎರಡು ಬಂದರೆ

ಇದು ಬೇರೆ ವಾರದ ಕಥೆ. ಒಂದು ಆರ್ಡರಿಗೆ ಸೋದರಳಿಯನಿಗೆ ಎರಡು ಮೇಲ್, ಅವನು ಎರಡು ಪಾರ್ಸೆಲ್ ಹಾಕಿಬಿಟ್ಟ. ಗಿರಾಕಿ ಒಳ್ಳೆಯವರು, ಎರಡಕ್ಕೂ ಹಣ ಕಳಿಸಿದರು. ಎಲ್ಲರೂ ಹಾಗಿರುವುದಿಲ್ಲ.

ಅನುಕೂಲವಾಗಲಿ ಎಂದು ಶೀಟಿನ ಮೆನುವಿನಲ್ಲಿ 'ಟ್ರಿಗರ್ ಸ್ಥಾಪಿಸಿ' ಎಂಬ ಗುಂಡಿ ಇಟ್ಟಿದ್ದೆ. ಒತ್ತಿದಷ್ಟು ಬಾರಿ ಹೊಸ ಟ್ರಿಗರ್ ಹುಟ್ಟುತ್ತದೆ, ಹಳೆಯದು ಸಾಯುವುದಿಲ್ಲ. ಇದ್ದವನ್ನು ಅಳಿಸಿ ಆಮೇಲೆ ಹೊಸದು ಹುಟ್ಟಿಸುವ ಹಾಗೆ ತಿದ್ದಿದೆ, ಆದರೂ ಎರಡೆರಡು ಮೇಲ್ ನಿಲ್ಲಲಿಲ್ಲ. ಕಾರಣ: ಸ್ಕ್ರಿಪ್ಟ್ ಎಣಿಸಿ ಅಳಿಸುವುದು ಒತ್ತಿದವರ ಸ್ವಂತ ಟ್ರಿಗರ್‌ಗಳನ್ನು ಮಾತ್ರ. ಅತ್ತಿಗೆಯ ಮಗಳು ತನ್ನ ಖಾತೆಯಿಂದ ಒಮ್ಮೆ ಒತ್ತಿದ್ದಳು. ಅವಳ ಟ್ರಿಗರ್ ಅವಳ ಹೆಸರಿನಲ್ಲೇ ಓಡುತ್ತಿತ್ತು, ಮೇಲ್ ಕೂಡ ಅವಳ ವಿಳಾಸದಿಂದಲೇ ಹೋಗುತ್ತಿತ್ತು. ಎರಡು ಮೇಲ್‌ಗಳ 'ಕಳುಹಿಸಿದವರು' ಎಂಬ ಸಾಲನ್ನು ಮೊದಲೇ ನೋಡಿದ್ದರೆ ಐದು ನಿಮಿಷದ ಕೆಲಸ. ಅವಳ ಖಾತೆಯಿಂದಲೇ ಅಳಿಸಬೇಕಾಯಿತು. ಮೆನುವಿನ ಗುಂಡಿಯನ್ನೂ ಕಿತ್ತು ಹಾಕಿದೆ.

ಟ್ರಿಗರ್ ಒಂದೇ ಇದ್ದೂ ಎರಡು ಬಂದರೆ ಎರಡು ಕಡೆ ನೋಡಿ. ವೆಬ್‌ಹುಕ್ ಕಳಿಸುವವರಲ್ಲಿ ಅನೇಕರು ನಿಮ್ಮಿಂದ ಬೇಗ ಉತ್ತರ ಬಾರದಿದ್ದರೆ ತಲುಪಲಿಲ್ಲವೆಂದು ತಿಳಿದು ಮತ್ತೆ ಕಳಿಸುತ್ತಾರೆ. ಆದ್ದರಿಂದ ಮೊದಲು 200, ಅಂದರೆ 'ತಲುಪಿತು', ಎಂದು ಉತ್ತರಿಸಿ, ಆಮೇಲೆ ನಿಧಾನದ ಕೆಲಸ ಮಾಡಿಕೊಳ್ಳಿ. ಎರಡು ಬಂದು ಅಲ್ಲಿಗೇ ನಿಲ್ಲದೆ ಹತ್ತು, ನೂರು ಎಂದು ಬರುತ್ತಲೇ ಇದ್ದರೆ ಆ್ಯಕ್ಷನ್ ತನ್ನ ಟ್ರಿಗರನ್ನು ತಾನೇ ಎಳೆಯುತ್ತಿದೆ: 'ಸಾಲು ಬದಲಾದರೆ' ಎಂಬ ಟ್ರಿಗರ್, ಅದೇ ಸಾಲಿನಲ್ಲಿ 'ಮುಗಿದಿದೆ' ಎಂದು ಬರೆಯುವ ಆ್ಯಕ್ಷನ್. ಮೊದಲು ವರ್ಕ್‌ಫ್ಲೋ ನಿಲ್ಲಿಸಿ, ಕಾರಣ ಆಮೇಲೆ ಯೋಚಿಸಿ.

ಎಲ್ಲಕ್ಕೂ ನನ್ನ ಈಗಿನ ಮದ್ದು ಒಂದು ಕಾಲಮ್. ಮೇಲ್ ಹೋದ ಕೂಡಲೇ ಕೋಡ್ ಆ ಸಾಲಿನ ಕೊನೆಯಲ್ಲಿ ಸಮಯ ಬರೆಯುತ್ತದೆ. ಕಳಿಸುವ ಮುನ್ನ ಅಲ್ಲಿ ಸಮಯ ಇದೆಯೇ ಎಂದು ನೋಡುತ್ತದೆ, ಇದ್ದರೆ ಸುಮ್ಮನಿರುತ್ತದೆ. ರಾತ್ರಿ ಒಂದು ಟ್ರಿಗರ್ ಓಡಿ, ಆರ್ಡರ್ ಇದ್ದೂ ಸಮಯ ಇಲ್ಲದ ಸಾಲುಗಳನ್ನು ಹೆಕ್ಕಿ ನನಗೆ ಕಳಿಸುತ್ತದೆ. ಅತ್ತಿಗೆ ಕೈಯಾರೆ ಬರೆದ ಸಾಲೂ ಅದರಲ್ಲಿ ಸಿಕ್ಕಿಬೀಳುತ್ತದೆ. ಫೋನಿನ ಆರ್ಡರನ್ನೂ ಫಾರ್ಮಿನಲ್ಲೇ ತುಂಬಿ ಎಂದು ಹೇಳಿದ್ದೇನೆ, ಹೂಂ ಎಂದಿದ್ದಾರೆ. ನಿನ್ನೆ ರಾತ್ರಿಯ ಪಟ್ಟಿಯಲ್ಲಿ ಒಂದು ಸಾಲು ಇತ್ತು: ಶಿರಸಿ, ಮಿಡಿ ಎರಡು ಬಾಟಲಿ, ಸಮಯದ ಕಾಲಮ್ ಖಾಲಿ.